ಚೌಡಕ್ಕನ ಅಂಗಡಿಯ ತೂತು ಡಬ್ಬಗಳು

ಸಂಕ್ರಾಂತಿ ಕಳೆದು ಹದಿನೈದು ದಿನ ಆಗಿತ್ತೋ ಇಲ್ಲವೋ, ರಾಯದುರ್ಗದ ಬೋರಯ್ಯನ ಮನೆಯಲ್ಲಿ ಅಪ್ಪನೂ ಮಗನೂ ಒಟ್ಟಿಗೆ ಕೂತು ಉಣ್ಣುವುದು ನಿಂತುಹೋಯಿತು. ಜಗಳಕ್ಕೆ ಕಾರಣ ಆಸ್ತಿಯಲ್ಲ, ಸೊಸೆಯ ಮಾತೂ ಅಲ್ಲ. ಲಾರಿಗೆ ಹಾಕಿಸಿದ ಎಣ್ಣೆ.

ಆ ಮಧ್ಯಾಹ್ನ ಮಗ ಶಿವಶಂಕರ್ ಲಾರಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ಕೈಕಾಲು ತೊಳೆಯಲು ಹೋಗಿದ್ದ. ಬೋರಯ್ಯ ಮೂವತ್ತು ವರ್ಷ ಇನ್ನೊಬ್ಬರ ಲಾರಿ ಓಡಿಸಿದವನು. ಕಣ್ಣು ಮಬ್ಬಾದ ಮೇಲೆ ಮನೆ ಹಿಡಿದು ಕೂತವನು. ಮಗ ಇಳಿದ ಕೂಡಲೇ ತಡವರಿಸುತ್ತ ಹೋಗಿ, ಇಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, ತುದಿಗೆ ಹತ್ತಿದ ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ ಮೂಸಿದ.

ತಟ್ಟೆಗೆ ಅನ್ನ ಬಡಿಸುತ್ತಿದ್ದ ಪಾಪಕ್ಕನಿಗೆ ಗಂಡನ ಮುಖ ನೋಡಿಯೇ ಗೊತ್ತಾಯಿತು, ಇವತ್ತು ಊಟ ಸಲೀಸಾಗಿ ಇಳಿಯುವುದಿಲ್ಲ ಎಂದು.

"ಎಣ್ಣಿ ಯಾವಾಗ ಬದ್ಲಾಯ್ಸಿದ್ದು?" ಬೋರಯ್ಯ ಕೇಳಿದ.

"ಹೋದ ವಾರ. ನಮ್ಮ ಓಬುಲೇಶನ ಅಂಗ್ಡ್ಯಾಗ."

"ಇದು ಹೊಸ ಎಣ್ಣಿ ಅಲ್ಲ. ನೀರಾಗೈತಿ. ಬೆರಳಿಗೆ ಅಂಟಂಗಿಲ್ಲ."

"ಡೀಸೆಲ್ ಗಾಡಿ ಅಪ್ಪ. ಹಾಕಿದ ದಿನಾನ ಕಪ್ಪಾಗ್ತತಿ."

"ನಾನು ಕಪ್ಪು ಅಂದ್ನೇನು? ಬಣ್ಣ ನನಗ ಕಾಣಂಗೂ ಇಲ್ಲ. ಬೆರಳು ಹೇಳ್ತಾವ."

"ನಿನ್ನ ಬೆರಳಿಗೆ ಮೊನ್ನೆ ಉಪ್ಪು ಯಾವ್ದು, ಸಕ್ರಿ ಯಾವ್ದು ಗೊತ್ತಾಗ್ಲಿಲ್ಲ!"

ಮೊಮ್ಮಗಳು ಭವ್ಯಾ ನಕ್ಕುಬಿಟ್ಟಳು. ಬೋರಯ್ಯ ತಟ್ಟೆ ಬಿಟ್ಟು ಎದ್ದ. ಮರುದಿನದಿಂದ ಅವನ ಊಟ ಹನ್ನೆರಡಕ್ಕೆ, ಮಗನದು ಎರಡಕ್ಕೆ.

ಅದು ಬರಿಯ ಮೊಂಡುತನವಲ್ಲವೆಂದು ಪಾಪಕ್ಕ ಬಲ್ಲಳು. ಎರಡು ವರ್ಷದ ಹಿಂದೆ ಇದೇ ಲಾರಿಯ ಇಂಜಿನ್ ನಡುದಾರಿಯಲ್ಲಿ ಬಿಗಿದುಕೊಂಡು ನಿಂತಿತ್ತು. ಬಳ್ಳಾರಿಗೆ ಎಳೆದೊಯ್ದು, ಬಿಚ್ಚಿಸಿ, ಒಳಗೆಲ್ಲ ಕೊರೆಸಿ ಜೋಡಿಸಬೇಕಾಯಿತು. ಕೊರೆದವನು ಕೈ ಒರೆಸಿಕೊಳ್ಳುತ್ತ, "ಇನ್ನೊಂದು ಸಲ ಕೊರಿಯಾಕ ಇದರಾಗ ಕಬ್ಬಿಣ ಉಳಿದಿಲ್ರಿ. ಎಣ್ಣಿ ಒಂದು ಸರಿಯಾಗಿ ನೋಡ್ಕೊಳ್ರಿ. ಇಲ್ಲಾಂದ್ರ ಮುಂದಿನ ಸಲ ನನ್ನ ಹತ್ರ ತರಬ್ಯಾಡ್ರಿ, ಗುಜರಿಗೆ ಹಾಕ್ರಿ" ಎಂದಿದ್ದ. ಮೂವತ್ತು ವರ್ಷ ಬೇರೆಯವರ ಹೆಸರಿನ ಲಾರಿ ಓಡಿಸಿದ ಬೋರಯ್ಯನ ಬಾಗಿಲಲ್ಲಿ ತಮ್ಮದೆಂದು ನಿಂತ ಮೊದಲ ಗಾಡಿ ಅದು. ಅದು ಗುಜರಿಗೆ ಹೋದರೆ ಶಿವಶಂಕರನೂ ಮತ್ತೊಬ್ಬರ ಕೀಲಿಕೈಗೆ ಕೈ ಚಾಚಬೇಕು.

* * *

ಗುಟ್ಟು ಹೊರಬಿದ್ದದ್ದು ಪಾಪಕ್ಕನ ಪೆದ್ದುತನದಿಂದಲೇ.

ಹೋದ ಆಯುಧಪೂಜೆಯ ದಿನ ಅವಳು ಲಾರಿಯ ಮೂತಿ, ಚಕ್ರ, ಸ್ಟೇರಿಂಗ್ ಎಲ್ಲಕ್ಕೂ ಕುಂಕುಮವಿಟ್ಟು, "ಇಂಜಿನ್ನಾಗ ಎಲ್ಲಕಿಂತ ಮುಖ್ಯ ಯಾವ್ದ್ರಿ?" ಎಂದು ಗಂಡನನ್ನು ಕೇಳಿದ್ದಳು. ಬೋರಯ್ಯ, ಬೋರಲು ಹಾಕಿದ ಚೊಂಬಿನಂತೆ ಇಂಜಿನ್ನಿನ ಪಕ್ಕದಲ್ಲಿದ್ದ ಎಣ್ಣೆ ಫಿಲ್ಟರನ್ನು ಮುಟ್ಟಿ ತೋರಿಸಿದ್ದ. ಜಿಡ್ಡಿಗೆ ಕುಂಕುಮ ನಿಲ್ಲಲಿಲ್ಲ. ಪಾಪಕ್ಕ ಬಿಡುವವಳೇ? ನಂಬರ್ ಬರೆಸಿ ಉಳಿದಿದ್ದ ಕೆಂಪು ಪೇಂಟನ್ನು ಬೆರಳಿನಲ್ಲಿ ಅದ್ದಿ ದೊಡ್ಡದೊಂದು ಬೊಟ್ಟಿಟ್ಟಳು. ಶಿವಶಂಕರ್ ನಕ್ಕಿದ್ದ. "ಅಮ್ಮ, ಅದು ಎಣ್ಣಿ ಬದ್ಲಾಯ್ಸಿದಾಗೆಲ್ಲ ಬಿಸಾಡೋ ಸಾಮಾನು. ಅದಕ್ಯಾಕ ಪೇಂಟು?"

ಈಗ ಭಾನುವಾರ ಬೆಳಿಗ್ಗೆ ಕ್ಯಾಬಿನ್ನನ್ನು ಮುಂದಕ್ಕೆ ಬಾಗಿಸಿ ಅಪ್ಪ ಮಗಳು ಲಾರಿ ತೊಳೆಯುತ್ತಿದ್ದರು. ಟೀ ತಂದ ಪಾಪಕ್ಕ ಒಳಗೆ ಇಣುಕಿ ಹಿಗ್ಗಿಹೋದಳು.

"ನೋಡವ್ವ ಭವ್ಯಾ, ನಾನಿಟ್ಟ ಬೊಟ್ಟು ಹಂಗಾ ಐತಿ! ನಿಮ್ಮಪ್ಪ ಬಿಸಾಡ್ತಾರ ಅಂದಿದ್ದ. ದೇವ್ರಿಗಿಟ್ಟಿದ್ದು ಯಾರೂ ಬಿಸಾಡಂಗಿಲ್ಲ."

ಭವ್ಯಾ ನೀರಿನ ಪೈಪನ್ನು ಕೆಳಗಿಟ್ಟಳು. "ಅಪ್ಪ, ಆಯುಧಪೂಜೆ ಆದ್ಮ್ಯಾಲೆ ಎಷ್ಟು ಸಲ ಎಣ್ಣಿ ಬದ್ಲಾಯ್ಸಿದ್ದಿ?"

"ಎರಡು ಸಲ."

"ಎರಡೂ ಸಲ ಫಿಲ್ಟರ್?"

"ಎರಡೂ ಸಲ ಹೊಸಾದು ಹಾಕೀವಿ ಅಂದ್ರು." ಹೇಳುತ್ತ ಹೇಳುತ್ತ ಶಿವಶಂಕರನ ದನಿ ತಗ್ಗಿತು. ಬಗ್ಗಿ ನೋಡಿದ. ಅವ್ವನ ಬೊಟ್ಟು ಜಿಡ್ಡು ಮೆತ್ತಿಕೊಂಡು ಅವನನ್ನೇ ನೋಡುತ್ತಿತ್ತು.

ಕಟ್ಟೆಯ ಮೇಲೆ ಕೂತಿದ್ದ ಬೋರಯ್ಯ ಒಂದು ಮಾತೂ ಆಡಲಿಲ್ಲ. ಅದೊಂದು ಉಪಕಾರವೆಂದು ಪಾಪಕ್ಕ ಮನಸ್ಸಿನಲ್ಲೇ ಅಂದುಕೊಂಡಳು. ಆಡಬಹುದಿತ್ತು.

ಶಿವಶಂಕರ್ ಓಬುಲೇಶನ ಅಂಗಡಿಗೆ ಹೋಗಿ ಅರ್ಧ ತಾಸಿನಲ್ಲಿ ತಿರುಗಿ ಬಂದ.

"ಏನಂದ?" ಹೊಲಿಗೆ ಯಂತ್ರದ ಮುಂದೆ ಜೀನ್ಸ್ ಜೇಬು ಹೊಲಿಯುತ್ತಿದ್ದ ಹೆಂಡತಿ ನಾಗರತ್ನ ಕೇಳಿದಳು.

"ಕೆಲಸದೋರು ಬದ್ಲಾಯ್ಸಿರ್ತಾರ ಅಂದ್ಕಂಡಿದ್ದೆ ಅಂದ. ತಾನು ಗಾಡಿ ಕೆಳಗಿನ ಗುಂಡಿಗಿಳಿದು ನೋಡಿಲ್ವಂತೆ. ಎಣ್ಣಿ ಎಲ್ಲಿಂದ ಬರ್ತತಿ ಅಂತಾನೂ ಸರಿಯಾಗಿ ಹೇಳ್ಲಿಲ್ಲ."

"ಮತ್ತೆ ನೀವು?"

"ನಾನೇನನ್ಲಿ? ಅಪ್ಪನ ಕಣ್ಣಿನ ಆಪರೇಶನ್ ದಿನ ಬಳ್ಳಾರಿ ಆಸ್ಪತ್ರಿಗೆ ಮೂರು ಹೊತ್ತು ಊಟ ತಂದೋನು ಅವನಾ."

"ಊಟ ತಂದಿದ್ದ ಅಂತ ಇಂಜಿನ್ ಕೊಡ್ಬೇಕೇನು?" ಬೋರಯ್ಯ ಹೊರಗಿನಿಂದ ಕೂಗಿದ. ಸ್ವಲ್ಪ ಹೊತ್ತು ಬಿಟ್ಟು, "ಊಟ ಚಲೋ ಇತ್ತು, ಅದು ಖರೆ" ಎಂದೂ ಸೇರಿಸಿದ.

* * *

ಆಮೇಲಿನ ಮೂರು ವಾರ ಆ ಮನೆಯಲ್ಲಿ ಎಣ್ಣೆಯ ಮಾತಿಲ್ಲದೆ ಒಲೆ ಹೊತ್ತಲಿಲ್ಲ. ದೊಡ್ಡ ರಸ್ತೆಯ, ಗಾಜಿನ ಗೋಡೆಯ ಸರ್ವಿಸ್ ಅಂಗಡಿಗೆ ಶಿವಶಂಕರ್ ಹೋದ. ಅಲ್ಲಿ ಕುರ್ಚಿ ಕೊಟ್ಟರು, ತಣ್ಣನೆ ನೀರು ಕೊಟ್ಟರು, ಟಿವಿ ಹಾಕಿದರು. ಆದರೆ ಗಾಡಿಯ ಹತ್ತಿರ ಬಿಡುವುದಿಲ್ಲವೆಂದರು. "ಮದುವಿಗೆ ಬಂದಂಗ ಕುಂದ್ರಿಸ್ತಾರಮ್ಮ, ಹೆಣ್ಣಿನ ಮುಖ ಮಾತ್ರ ತೋರಿಸಂಗಿಲ್ಲ" ಎಂದ, ಗಾಡಿಯನ್ನು ಹಾಗೇ ತಿರುಗಿಸಿಕೊಂಡು ಬಂದು. ಓಬಳಾಪುರದ ಕಡೆ ಅದಿರು ಲಾರಿಗಳಿಗೆ ಎಣ್ಣೆ ಹಾಕುತ್ತಿದ್ದ ಒಬ್ಬನಿದ್ದ; ಅವನು ಗಾಡಿ ನೋಡುವ ಮೊದಲೇ ಇಂಜಿನ್ ಬಿಚ್ಚಬೇಕೆಂದ.

ಕೊನೆಗೆ ಮಗ ಲಾರಿ ಬಿಟ್ಟು ಬಸ್ಸಿನಲ್ಲಿ ಬೇರೆ ಊರಿಗೆ ಹೋದ ದಿನ ನೋಡಿ, ಬೋರಯ್ಯ ತಾನೇ ಸ್ಪ್ಯಾನರ್ ಹಿಡಿದ.

"ಬ್ಯಾಡ್ರಿ," ಎಂದಳು ಪಾಪಕ್ಕ.

"ಮೂವತ್ತು ವರ್ಷ ಮಾಡೀನಿ. ಕಣ್ಣು ಬೇಕಾಗಿಲ್ಲ ಇದಕ್ಕ. ನೀನು ಬೋಗುಣಿ ಹಿಡಿ."

ಪೇಟೆಯಿಂದ ತರಿಸಿದ್ದ ಹೊಸ ಫಿಲ್ಟರ್ ಸರಿಯಾಗಿಯೇ ಕೂತಿತು, ಡಬ್ಬದ ಎಣ್ಣೆಯೂ ಒಳಗೆ ಹೋಯಿತು. ಹಳೆ ಎಣ್ಣೆ ಮಾತ್ರ ಬೋಗುಣಿ ತುಂಬಿ, ಅಂಗಳ ದಾಟಿ, ಪಕ್ಕದ ಮನೆಯ ಉಜ್ಜಿನಮ್ಮ ಆಗತಾನೇ ಹಾಕಿದ್ದ ರಂಗೋಲಿಯವರೆಗೆ ಹರಿಯಿತು.

"ಏನ್ರಿ ಪಾಪಕ್ಕ, ನಮ್ಮ ಬಾಗ್ಲಿಗೂ ಸರ್ವಿಸ್ ಮಾಡ್ತೀರೇನ್ರಿ?" ಉಜ್ಜಿನಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಆದರೆ ಬೈದು ಮುಗಿಸಿದ ಮೇಲೆ ಅವಳೇ ಮರದ ಹೊಟ್ಟು ತಂದು ಸುರಿದು, ಇಬ್ಬರೂ ಸೇರಿ ಬಳಿದರು.

ಎಣ್ಣೆ ಇಳಿಸುವ ಅಡಿಯ ನಟ್ಟನ್ನು ಬೋರಯ್ಯ ಎಷ್ಟು ಬಿಗಿದನೆಂದರೆ ಒಳಗೆ ಏನೋ ಕಿರ್ರೆಂದಿತು. ಮರುದಿನದಿಂದ ಲಾರಿ ನಿಂತಲ್ಲೆಲ್ಲ ತೊಟ್ಟು ತೊಟ್ಟು ಸೋರತೊಡಗಿತು. ಪಾಪಕ್ಕ ಸದ್ದಿಲ್ಲದೆ ಕೆಳಗೊಂದು ತಟ್ಟೆ ಇಟ್ಟಳು. ಮಗ ಕೇಳಿದರೆ ಏನು ಹೇಳುವುದೆಂದು ಗಂಡ ಹೆಂಡತಿ ಇಬ್ಬರಿಗೂ ತಿಳಿಯಲಿಲ್ಲ. ಅವನು ಕೇಳಿದಾಗ ಬೋರಯ್ಯ ಕೆಮ್ಮಿದ.

ಆ ದಿನ ಊಟದ ಹೊತ್ತಿಗೆ ನಾಗರತ್ನ ಮತ್ತೆ ಬಾಯಿ ತೆರೆದಳು. "ಮೊದಲಿಂದ್ಲೂ ಹೇಳ್ತಾ ಇದೀನಿ ಕಣತ್ತೆ. ನಮ್ಮೂರು ಮಡಕಶಿರದಲ್ಲಿ ಪಾಲಯ್ಯ ಮಾವ ಇದಾನೆ. ನಮ್ಮಮ್ಮನ ತಮ್ಮ. ಅವನತ್ರ ಒಂದ್ಸಲ ಹೋದೋರು ಬೇರೆ ಕಡೆ ಹೋಗಲ್ಲ."

"ಎಣ್ಣಿ ಹಾಕ್ಸಾಕ ನೂರು ಕಿಲೋಮೀಟರ್ ಹೋಗ್ತಾರೇನೇ?" ಶಿವಶಂಕರ್ ರೇಗಿದ.

"ಬಳ್ಳಾರಿಗೆ ಎಳಕೊಂಡು ಹೋದ್ರಲ್ಲ, ಅದು ಪಕ್ಕದ ಬೀದೀಲಿತ್ತಾ?"

ಬೋರಯ್ಯ ಒಳಗಿನಿಂದ ಮಾತು ಎಸೆದ. "ತೌರುಮನಿ ನೋಡಾಕ ಲಾರಿ ಬೇಕಾಗೈತಿ ನಿನ್ನ ಹೆಂಡ್ತಿಗೆ!"

ನಾಗರತ್ನ ಯಂತ್ರದ ಮುಂದೆ ಹೋಗಿ ಕೂತು ಪೆಡಲ್ ತುಳಿದಳು. ಬಟ್ಟೆ ಇರಲಿಲ್ಲ, ಬರಿಯ ಸೂಜಿ ಕುಣಿಯಿತು. ಪಾಪಕ್ಕ ಅದನ್ನು ನೋಡಿದಳು. ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು, "ನಾಳಿ ಹಿಂದೂಪುರಕ್ಕ ಹುಣಸೆಹಣ್ಣಿನ ಲೋಡ್ ಐತಲ್ಲ ಶಿವಾ, ಬರುವಾಗ ಮಡಕಶಿರ ಮ್ಯಾಲೆ ಬಾ. ನಾನೂ ಬರ್ತೀನಿ" ಎಂದಳು.

"ನೀನ್ಯಾಕಮ್ಮ?"

"ಬೊಟ್ಟು ಕಂಡುಹಿಡಿದೋಳು ನಾನಾ ಅಲ್ಲೇನು?"

* * *

ಮಡಕಶಿರದ ಬೆಟ್ಟದ ಬುಡದಲ್ಲಿ, ಪಾವಗಡದ ಬಸ್ಸುಗಳು ತಿರುಗುವ ರಸ್ತೆಯ ಬದಿಗೆ ತಗಡಿನ ಮಾಡಿನ ಅಂಗಡಿ. ಮುಂದೆ ಲಾರಿ ನಿಲ್ಲುವಷ್ಟು ಉದ್ದದ ಗುಂಡಿ. ಬೇಲಿಯ ಉದ್ದಕ್ಕೂ ಎಣ್ಣೆಯ ಖಾಲಿ ಡಬ್ಬಗಳನ್ನು ತಂತಿಗೆ ಪೋಣಿಸಿದ್ದರು. ಒಂದೊಂದಕ್ಕೂ ಮೂರು ತೂತು.

ಪಾಲಯ್ಯ ಬಡಕಲು ಮನುಷ್ಯ. ಅವನ ಹೆಂಡತಿ ಚೌಡಕ್ಕ ಎಣ್ಣೆ ಮಾರುವವಳು. ನಾಗರತ್ನ ಫೋನಿನಲ್ಲಿ ಎಲ್ಲ ಹೇಳಿದ್ದಳೆಂದು ಕಾಣುತ್ತದೆ. ಇವರು ಏನನ್ನೂ ವಿವರಿಸಬೇಕಾಗಲಿಲ್ಲ.

"ಬನ್ನಿ ಅಕ್ಕ, ನೆಳ್ಳಿಗೆ ಬನ್ನಿ" ಎಂದು ಚೌಡಕ್ಕ ಮಣೆ ಹಾಕಿದಳು. ಶಿವಶಂಕರನೂ ಕೂರಲು ಹೋದಾಗ ಪಾಲಯ್ಯ ತಡೆದ.

"ನೀವು ಕೂರಂಗಿಲ್ಲ ಅಳಿಯಂದ್ರೆ. ಇಳೀರಿ ಗುಂಡಿಗೆ. ಗಾಡಿಯೋನು ಪಕ್ಕದಲ್ಲಿ ಇಲ್ದೆ ನಾನು ನಟ್ಟು ಮುಟ್ಟಲ್ಲ."

ಬಿಳಿ ಅಂಗಿ ಹಾಕಿಕೊಂಡು ಬೀಗರ ಊರಿಗೆ ಬಂದಿದ್ದ ಶಿವಶಂಕರ್ ಅಂಗಿ ಬಿಚ್ಚಿ ಅವ್ವನ ಕೈಗೆ ಕೊಟ್ಟು ಇಳಿದ. ಪಾಪಕ್ಕ ಗುಂಡಿಯ ಅಂಚಿಗೆ ಮಣೆ ಎಳೆದುಕೊಂಡಳು.

ಪಾಲಯ್ಯ ಅಡಿಯ ನಟ್ಟಿಗೆ ಕೈ ಹಾಕಿ ತಿರುವಿದವನು ಒಂದು ಗಳಿಗೆ ನಿಂತ. ಬೆರಳಿನಿಂದ ಸವರಿದ. ಮೇಲೆ ನೋಡಿದ. ಪಾಪಕ್ಕನ ಕಣ್ಣೂ ಅವನ ಕಣ್ಣೂ ಸೇರಿದವು.

"ಏನಾಗೈತಿ ಮಾವ? ಯಾರಾದ್ರೂ ಕೆಡಿಸ್ಯಾರೇನು?" ಶಿವಶಂಕರ್ ಕೇಳಿದ.

"ಹಳೇ ಗಾಡಿ ಅಳಿಯಂದ್ರೆ. ನಟ್ಟಿನ ಥ್ರೆಡ್ಡು ಗೆರೆ ಸವೀತದೆ. ಹೊಸ ಥ್ರೆಡ್ಡು ಹೊಡ್ದು ಬೇರೆ ನಟ್ಟು ಹಾಕಾನ" ಎಂದನಷ್ಟೇ ಪಾಲಯ್ಯ. ಪಾಪಕ್ಕ ಮಡಿಲಿನಲ್ಲಿದ್ದ ಮಗನ ಅಂಗಿಯನ್ನು ಮತ್ತೊಮ್ಮೆ ಮಡಿಸಿದಳು. ಈ ಮನುಷ್ಯ ಎಣ್ಣೆಯ ವಿಷಯದಲ್ಲಿ ಮೋಸ ಮಾಡಲಾರನೆಂದು ಅವಳಿಗೆ ಆಗಲೇ ಅನ್ನಿಸಿತು. ಬೋರಯ್ಯನ ಮಾನ ಉಳಿಸಲು ಅವನು ಹೇಳಿದ ಒಂದೇ ಒಂದು ಸುಳ್ಳಿನಿಂದ.

ಬಿಸಿ ಎಣ್ಣೆ ದಪ್ಪ ಧಾರೆಯಾಗಿ, ಆಮೇಲೆ ದಾರವಾಗಿ, ಆಮೇಲೆ ಹನಿಯಾಗಿ ಇಳಿಯಿತು.

"ಸಾಕಲ್ಲ ಮಾವ?"

"ಏನ್ ಸಾಕು? ಅರ್ಧ ಕೆಸರು ಒಳಗೇ ಐತೆ. ನಾವು ಉಂಡು ಎದ್ದೇಳಗಂಟ ಸೋರ್ಬೇಕು. ಇಲ್ಲಿ ಪದ್ಧತಿ ಅಂದ್ರೆ ಅದೇ."

ಉಂಡರು. ಚೌಡಕ್ಕ ಮುದ್ದೆ ಇಟ್ಟು ಹುರುಳಿಕಾಳಿನ ಸಾರು ಸುರಿದಳು. ಬಂದವರೆಲ್ಲ ಅಲ್ಲೇ ಉಣ್ಣುವುದು, ದುಡ್ಡು ಕೇಳುವುದಿಲ್ಲ, ತಟ್ಟೆ ಮಾತ್ರ ತಾವೇ ತೊಳೆದಿಡಬೇಕು. ಶಿವಶಂಕರ್ ಮನೆಯಲ್ಲಿ ಎಂದೂ ತೊಳೆಯದ ತಟ್ಟೆಯನ್ನು ಅಲ್ಲಿ ಬೂದಿ ಹಾಕಿ ಉಜ್ಜುವುದನ್ನು ನೋಡಿ ಪಾಪಕ್ಕ, "ನಾಗರತ್ನಗ ಒಂದು ಫೋಟೊ ಕಳಿಸ್ಬೇಕಿತ್ತು" ಎಂದಳು.

ಊಟವಾದ ಮೇಲೆ ಪಾಲಯ್ಯ ಸೋರಿದ ಎಣ್ಣೆಯಲ್ಲಿ ಅಯಸ್ಕಾಂತವೊಂದನ್ನು ಅದ್ದಿ ತೆಗೆದು ಬಿಳಿ ಬಟ್ಟೆಗೆ ಒತ್ತಿದ. ಕೂದಲಿನಷ್ಟು ಸಣ್ಣ ಕಪ್ಪು ಪುಡಿ ಹತ್ತಿತ್ತು.

"ಇದು ಇಂಜಿನ್ನೊಳಗಿನ ಕಬ್ಬಿಣ. ಕೆಟ್ಟ ಎಣ್ಣೆ ತಿಂದು ಹಾಕೈತೆ."

ಶಿವಶಂಕರನ ಮುಖ ಬಾಡಿತು. "ಅಂದ್ರ ಹೋಯ್ತೇನು ಗಾಡಿ?"

"ಈಗ್ಲೇ ಹೇಳಕ್ಕಾಗಲ್ಲ. ಒಳ್ಳೇ ಎಣ್ಣೆ ಹಾಕ್ತೀನಿ. ಮುಂದಿನ ಸಲಕ್ಕೆ ಈ ಪುಡಿ ನಿಂತಿದ್ರೆ ಉಳೀತು. ಹೆಚ್ಚಾಗಿದ್ರೆ ನಾನೂ ಕೈಬಿಡ್ತೀನಿ. ಹೋಗೈತೆ ಅಂತ ಹೆದರ್ಸಿ ಬಿಚ್ಚಲ್ಲ, ಉಳಿದೈತೆ ಅಂತ ಸಮಾಧಾನಕ್ಕೂ ಹೇಳಲ್ಲ."

ಚೌಡಕ್ಕ ಡಬ್ಬ ತಂದು, ಮುಚ್ಚಳದ ಸೀಲನ್ನು ಶಿವಶಂಕರನ ಕೈಯಲ್ಲೇ ಒಡೆಸಿದಳು. ಎಣ್ಣೆ ಹುಯ್ದಾದ ಕೂಡಲೇ ಚೂಪಾದ ಸರಳೊಂದನ್ನು ತಂದು ಖಾಲಿ ಡಬ್ಬಕ್ಕೆ ದಡ್, ದಡ್, ದಡ್ ಎಂದು ಮೂರು ತೂತು ಹೊಡೆದಳು.

"ಯಾಕವ್ವ ಇಷ್ಟು ಚಲೋ ಡಬ್ಬ ಹಾಳ್ಮಾಡ್ತಿ? ನೀರಿಗಾದ್ರೂ ಆಗ್ತಿತ್ತು" ಪಾಪಕ್ಕ ಮರುಗಿದಳು.

"ಗುಜರಿಯೋರು ಖಾಲಿ ಡಬ್ಬಕ್ಕೆ ಕಾಯ್ತಾ ಇರ್ತಾರೆ ಕಣಕ್ಕ. ಹಳೇ ಎಣ್ಣೆ ಸೋಸಿ ಇದ್ರೊಳಗೆ ತುಂಬಿ, ಹೊಸ ಮುಚ್ಚಳ ಒತ್ತಿ ಮಾರ್ತಾರೆ. ನಿಮ್ ಗಾಡಿಗೂ ಅಂಥದ್ದೇ ಬಿದ್ದಿರ್ಬೇಕು. ನಮ್ಮಂಗಡಿ ಡಬ್ಬದಿಂದ ಯಾರ ಗಾಡೀನೂ ಕೆಡಬಾರ್ದು."

"ಯಾರೂ ನೋಡ್ದಿದ್ದಾಗ್ಲೂ ಹೊಡಿತೀಯೇನವ್ವ?"

ಚೌಡಕ್ಕ ಬೇಲಿಯ ಕಡೆ ಕೈ ತೋರಿದಳು. "ಎಣಿಸ್ಕಳ್ಳಿ."

* * *

ಮನೆಗೆ ಬಂದವನೇ ಶಿವಶಂಕರ್ ಎಣ್ಣೆಯ ಕಡ್ಡಿ ಎಳೆದು, ಕಟ್ಟೆಯ ಮೇಲಿದ್ದ ಅಪ್ಪನ ಕೈಗೇ ಕೊಟ್ಟ. ಬೋರಯ್ಯ ಬೆರಳಲ್ಲಿ ಉಜ್ಜಿದ; ಮೂಸಿದ; ಮತ್ತೆ ಉಜ್ಜಿದ.

"ಅಂಟ್ತೈತಿ" ಎಂದ. ಆಮೇಲೆ, "ಆ ನಟ್ಟು..." ಎಂದು ತಡವರಿಸಿದ.

"ಹಳೇ ಗಾಡಿ, ಸವದಿತ್ತಂತಪ್ಪ. ಉಣ್ಣಾಕ ಏಳು. ನನಗೂ ಹಸಿವಾಗೈತಿ."

ಅಂದಿನಿಂದ ಇಬ್ಬರ ಊಟವೂ ಒಂದು ಗಂಟೆಗೆ ಬಂದು ನಿಂತಿತು. ಮಗನಿಗೆ ನಿಜ ಗೊತ್ತಿತ್ತೋ ಇಲ್ಲವೋ, ಪಾಪಕ್ಕ ಕೇಳಲು ಹೋಗಲಿಲ್ಲ.

ಯುಗಾದಿಯಾದ ಮೇಲೆ ಒಂದು ಬೆಳಿಗ್ಗೆ ಓಬುಲೇಶ್ ಬಂದು ಬಾಗಿಲಲ್ಲಿ ನಿಂತ. ಕೈಯಲ್ಲಿ ಎರಡು ಹೊಸ ಫಿಲ್ಟರ್. "ಹಾಕದೇ ಹಾಕೀವಿ ಅಂದಿದ್ದ ಫಿಲ್ಟರ್ ಇವು. ತಪ್ಪು ನಂದಾ. ನಾನಾ ಗುಂಡಿಗಿಳಿದು ನೋಡ್ಬೇಕಿತ್ರಿ" ಎಂದ. ಬೋರಯ್ಯ ಪಕ್ಕದ ಸ್ಟೂಲನ್ನು ಅವನ ಕಡೆಗೆ ತಳ್ಳಿದ. ಪಾಪಕ್ಕ ಟೀಗೆ ಒಂದು ಲೋಟ ನೀರು ಹೆಚ್ಚಿಗೆ ಇಟ್ಟಳು.

ಕಾರಹುಣ್ಣಿಮೆಯ ಹೊತ್ತಿಗೆ ಮತ್ತೆ ಎಣ್ಣೆ ಬದಲಾಯಿಸುವ ಕಾಲ ಬಂತು. ಗಾಡಿ ಉಳಿಯಿತೋ ಹೋಯಿತೋ ತಿಳಿಯುವುದು ಅಂದೇ. ಈ ಸಲ ಬೋರಯ್ಯನೂ ಹೊರಟ, ನಾಗರತ್ನಳೂ ಹೊರಟಳು. ಅಷ್ಟೇ ಆಗಿದ್ದರೆ ಸರಿ. ಬೆಳಿಗ್ಗೆ ನೋಡಿದರೆ ಇವರ ಲಾರಿಯ ಹಿಂದೆ ಇನ್ನೆರಡು ಲಾರಿ ನಿಂತಿದ್ದವು. ಒಂದು ಮೇಲಿನ ಬೀದಿಯ ಗಂಗಣ್ಣನದು.

"ನಿಮ್ಮ ಹಿಂದ ನಾವೂ ಬರ್ತೀವ್ರಿ ಪಾಪಕ್ಕ. ಬೊಟ್ಟಿನ ಕತಿ ಊರೆಲ್ಲ ಕೇಳೈತಿ" ಎಂದ ಗಂಗಣ್ಣ.

"ಆ ಇನ್ನೊಂದು ಯಾರದಪ್ಪ?"

"ಮರುಳಸಿದ್ದಪ್ಪಂದು. ಓಬುಲೇಶನ ಭಾವಮೈದ್ನ. ಓಬುಲೇಶನಾ ಕಳಿಸ್ಯಾನ."

ಪಾಪಕ್ಕ ನಗು ತಡೆಯಲು ಸೆರಗು ಬಾಯಿಗೊತ್ತಿಕೊಂಡು ಕ್ಯಾಬಿನ್ ಹತ್ತಿದಳು.

ಮೂರು ಲಾರಿ ಸಾಲಾಗಿ ಬಂದು ನಿಂತದ್ದನ್ನು ನೋಡಿ ಚೌಡಕ್ಕ, "ಅಯ್ಯೋ, ದಿಬ್ಬಣ ಬಂದಂಗೆ ಬಂದವ್ರೆ! ಒಂದ್ ಹಿಡಿ ಹಿಟ್ಟು ಹೆಚ್ಚಿಗೆ ಹಾಕ್ಲೇನ್ರೀ?" ಎಂದು ಗಂಡನನ್ನು ಕೂಗಿದಳು. ಗುಂಡಿಗೆ ಶಿವಶಂಕರನ ಲಾರಿ ಮೊದಲು. ಎಣ್ಣೆ ಇಳಿಯಿತು. ಎಲ್ಲರೂ ಉಂಡರು, ಯಾರಿಗೂ ಏನು ಉಂಡೆವೆಂಬ ಪರಿವೆ ಇರಲಿಲ್ಲ. ನಾಗರತ್ನಳ ಮುದ್ದೆ ತಟ್ಟೆಯಲ್ಲೇ ಆರಿತು. ಪಾಲಯ್ಯ ಮಾವನ ಹತ್ತಿರ ಕಳಿಸಿದವಳು ಅವಳು. ಇಂಜಿನ್ ಹೋದರೆ ಹೊಣೆಯೂ ಅವಳ ತಲೆಗೇ.

ಪಾಲಯ್ಯ ಅಯಸ್ಕಾಂತ ಅದ್ದಿದ. ಬಿಳಿ ಬಟ್ಟೆಗೆ ಒತ್ತಿದ. ಬಟ್ಟೆಯನ್ನು ಬಿಸಿಲಿಗೆ ಹಿಡಿದ. ಇನ್ನೊಮ್ಮೆ ಅದ್ದಿದ, ಈ ಸಲ ತಳದವರೆಗೆ.

"ಹೇಳಪ್ಪ ಮಾರಾಯ" ಎಂದ ಬೋರಯ್ಯ. "ನನಗ ಕಾಣಂಗಿಲ್ಲ."

"ನೀವೇ ಮುಟ್ಟಿ ನೋಡ್ರಿ ಭಾವ."

ಅಯಸ್ಕಾಂತವನ್ನು ಅವನ ಕೈಗಿಟ್ಟ. ಬೋರಯ್ಯ ಅಂಚು, ತುದಿ, ತಳ ಎಲ್ಲವನ್ನೂ ಹೆಬ್ಬೆರಳಿನಲ್ಲಿ ಸವರಿದ. ಗಂಗಣ್ಣ ಬೀಡಿ ಹಚ್ಚುವುದನ್ನು ಮರೆತು ನಿಂತ.

"ನುಣ್ಣಗೈತಿ," ಬೋರಯ್ಯ ಮೆಲ್ಲಗೆ ಹೇಳಿದ. ಆಮೇಲೆ ಬೀದಿಗೆಲ್ಲ ಕೇಳುವಂತೆ, "ಏನೂ ಇಲ್ಲಲೇ ಶಿವಾ! ಒಂದು ಸಾಸ್ವಿ ಕಾಳಿನಷ್ಟೂ ಇಲ್ಲ!"

"ಉಳೀತು ಅಳಿಯಂದ್ರೆ," ಪಾಲಯ್ಯ ಕೈ ಒರೆಸಿಕೊಂಡ. "ಹಿಂಗೇ ನೋಡ್ಕಂಡ್ರೆ ಇನ್ನೂ ಬಹಳ ವರ್ಷ ಓಡ್ತದೆ."

ಶಿವಶಂಕರ್ ಗುಂಡಿಯಿಂದ ಹಾರಿ ಬಂದು, ಎಣ್ಣೆಯ ಕೈಯಲ್ಲೇ ಪಾಲಯ್ಯನ ಎರಡೂ ಕೈ ಹಿಡಿದುಕೊಂಡ. ಹೊಸ ಎಣ್ಣೆ ಹುಯ್ದಾದ ಮೇಲೆ ಚೌಡಕ್ಕ ಸರಳನ್ನು ಪಾಪಕ್ಕನ ಕಡೆ ಚಾಚಿದಳು. "ಇವತ್ತು ನೀವು ಹೊಡೀರಿ ಅಕ್ಕ." ಪಾಪಕ್ಕನ ಮೊದಲ ಏಟು ತಪ್ಪಿತು, ಎರಡನೆಯದಕ್ಕೆ ತೂತು ಬಿತ್ತು. ಲಾರಿಯವರೆಲ್ಲ ಚಪ್ಪಾಳೆ ತಟ್ಟಿದರು.

"ಮಾವ," ನಾಗರತ್ನ ಬೋರಯ್ಯನನ್ನು ಕೇಳಿದಳು, "ಈಗ ತೌರುಮನೆ ನೋಡಕ್ಕೆ ಲಾರಿ ತಗೊಂಡು ಹೋಗ್ಬೋದಾ?"

"ಹೋಗವ್ವ, ಹೋಗು" ಎಂದ ಬೋರಯ್ಯ. "ಬೀದಿ ತುಂಬಾ ಹಾರ್ನ್ ಹೊಡಕೊಂತ ಹೋಗು. ಶಿವಾ, ಕರಕೊಂಡು ಹೋಗಿ ಬಾರೋ."

ನಾಗರತ್ನ ಮುಂದಿನ ಸೀಟು ಹತ್ತಿದಳು. ಗುಂಡಿಗೆ ಗಂಗಣ್ಣನ ಲಾರಿ ಬಂತು. ಇವರ ಲಾರಿ ಪೇಟೆಯ ಕಡೆ ತಿರುಗಿ ಕಣ್ಮರೆಯಾಯಿತು. ಹಾರ್ನ್ ಒಂದು ಸಲ, ಎರಡು ಸಲ, ಮೂರನೇ ಸಲ ಉದ್ದಕ್ಕೆ ಕೂಗಿತು. ಅವಳ ತೌರಿನ ಬೀದಿಯೇ ಇರಬೇಕು.

"ಬರ್ರಿ, ನೆಳ್ಳಿಗೆ ಕೂಡ್ರಿ" ಎಂದಳು ಪಾಪಕ್ಕ.

ಬೋರಯ್ಯ ಕೈಯೆತ್ತಿ ಅವಳನ್ನು ತಡೆದು ತಲೆ ವಾಲಿಸಿ ನಿಂತಿದ್ದ. "ತಡಿ. ಇಂಜಿನ್ ಸದ್ದು ಇನ್ನೂ ಕೇಳ್ತೈತಿ."